ಉಸಿರಿಗೊಂದು ಅರ್ಜಿ, ಯಾರ ವಿಳಾಸಕ್ಕೆ?



ರಾಷ್ಟ್ರಕೂಟರ ಬಗ್ಗೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಮ್ಮ ತಂಡ ಮಳಖೇಡಕ್ಕೆ ಹೋಗಿತ್ತು. ನಿಮ್ಮಲ್ಲಿ ಕಲಬುರಗಿ ಕಡೆಯವರಿಗೆ ಆ ಊರು ಗೊತ್ತೇ ಇದೆ. ಉಳಿದವರಿಗಾಗಿ ಹೇಳುತ್ತೇನೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಊರೇ ಹಿಂದಿನ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅರಬ್ ವ್ಯಾಪಾರಿ ಸುಲೇಮಾನ್ ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದ್ದು ಇಲ್ಲಿಯ ದೊರೆಯನ್ನೇ. ಈಗ ಅಲ್ಲಿ ಕೋಟೆಯ ಗೋಡೆಗಳಿವೆ, ಹಳೆಯ ಬಸದಿಯಿದೆ. ಸುತ್ತಮುತ್ತ ಶಹಾಬಾದಿನ ಫರಸಿಕಲ್ಲು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟು. ಕ್ಯಾಮೆರಾ ಲೆನ್ಸನ್ನು ಗಳಿಗೆಗೊಮ್ಮೆ ಒರೆಸಬೇಕಾದಷ್ಟು ದೂಳು.

ನಾವು ಕೋಟೆಯ ಗೋಡೆಯ ಬದಿಯಲ್ಲಿ ಟ್ರೈಪಾಡ್ ನಿಲ್ಲಿಸುತ್ತಿದ್ದಾಗ ಶಾಲೆಯ ಮಕ್ಕಳ ಗುಂಪೊಂದು ಸುತ್ತ ನೆರೆಯಿತು. ಅವರಲ್ಲಿ ಒಬ್ಬ ಹುಡುಗಿ, ಒಂಬತ್ತನೆಯ ತರಗತಿಯವಳಿರಬೇಕು, ಒಂದು ಪ್ರಶ್ನೆ ಹಾಕಿದಳು: "ಸರ್, ಕೋಟ್ಯಾಗ ಹಾಕಿದ ಕೈದಿಗೆ ಜಡ್ಡು ಬಂದ್ರ ಅವ ಯಾರಿಗಿ ಕೇಳಬೇಕ್ರಿ?"

ನಾನು ಓದಿದ್ದು ಭೌತಶಾಸ್ತ್ರ. ಇತಿಹಾಸವನ್ನು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಓದಿಕೊಂಡವನು. "ರಾಜನನ್ನೇ ಕೇಳಬೇಕಿತ್ತಮ್ಮ" ಎಂದು ಹೇಳಿ ಕೆಲಸಕ್ಕೆ ಮರಳಿದೆ. ಉತ್ತರ ತಪ್ಪಾಗಿರಲಿಲ್ಲ. ಆದರೂ ಆ ಪ್ರಶ್ನೆ ನಮ್ಮ ಜೀಪಿನಲ್ಲೇ ಬೆಂಗಳೂರಿಗೆ ಬಂದಿತು.

ರಾಷ್ಟ್ರಕೂಟರ ಚರಿತ್ರೆಯಲ್ಲಿ ಒಬ್ಬ ಪ್ರಸಿದ್ಧ ಕೈದಿ ಇದ್ದಾನೆ. ತಲಕಾಡಿನ ಗಂಗರ ದೊರೆ ಎರಡನೆಯ ಶಿವಮಾರ. ಆನೆಗಳ ವಿದ್ಯೆಯಲ್ಲಿ ಪಳಗಿದವನು, ಕನ್ನಡದಲ್ಲಿ ಗಜಾಷ್ಟಕವನ್ನು ಬರೆದವನೆಂದು ಹೆಸರಾದವನು. ಎಂಟನೆಯ ಶತಮಾನದ ಕೊನೆಯಲ್ಲಿ ರಾಷ್ಟ್ರಕೂಟ ಧ್ರುವ ಇವನನ್ನು ಸೋಲಿಸಿ ಸೆರೆಯಲ್ಲಿಟ್ಟ. ಧ್ರುವನ ನಂತರ ಬಂದ ಮೂರನೆಯ ಗೋವಿಂದ ಬಿಡುಗಡೆ ಮಾಡಿದ. ಶಿವಮಾರ ತಿರುಗಿಬಿದ್ದ, ಮತ್ತೆ ಸೆರೆಯಾಯಿತು. ಮುಂದೆ ಅದೇ ಗೋವಿಂದ ಅವನನ್ನು ಬಿಡಿಸಿ, ಪಲ್ಲವ ರಾಜನ ಜೊತೆಗೂಡಿ ಪಟ್ಟ ಕಟ್ಟಿದ. (ಆಗಿನ್ನೂ ರಾಜಧಾನಿ ಮಳಖೇಡಕ್ಕೆ ಬಂದಿರಲಿಲ್ಲ, ಅದು ಅಮೋಘವರ್ಷನ ಕಾಲದ ಮಾತು. ಪರೀಕ್ಷೆಯಲ್ಲಿ ತಪ್ಪು ಬರೆಯಬೇಡಿ.) ಈ ಕಥೆಯಲ್ಲಿ ಒಂದು ವಿಷಯವನ್ನು ಗಮನಿಸಿ. ಸೆರೆಗೆ ಹಾಕಿದ್ದು ದೊರೆಯ ಇಚ್ಛೆ, ಬಿಟ್ಟಿದ್ದು ದೊರೆಯ ಇಚ್ಛೆ. ಶಿವಮಾರನಿಗೆ ಸಿಕ್ಕಿದ್ದು ದಯೆ. ಹಕ್ಕೆಂಬ ಮಾತು ಅಲ್ಲಿ ಬರುವುದೇ ಇಲ್ಲ.

ಇಲ್ಲಿಂದ ಸುಮಾರು 1200 ವರ್ಷ ಮುಂದಕ್ಕೆ, 1976ಕ್ಕೆ, ನನ್ನ ಜೊತೆ ಬನ್ನಿ. ಅದು ನಾನೂ ಹುಟ್ಟುವ ಮೊದಲಿನ ಕಾಲ.

ಕಲಬುರಗಿಯ ವಿದ್ಯಾರ್ಥಿಗಳು ಆ ವರ್ಷದ ಒಂದು ಸಂಗತಿಗೆ ಹೆಮ್ಮೆಪಡಬಹುದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬರುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ರೈತರು ಶಾಲೆಯ ಅಂಗಳದಲ್ಲಿ ಕುಳಿತು ಕನ್ನಡ ಕಾರ್ಯಕ್ರಮ ನೋಡಿದರು. ಬೇಸಾಯ, ಕುಟುಂಬ ಕಲ್ಯಾಣ, ಆರೋಗ್ಯ ಇವೇ ಮುಖ್ಯ ವಿಷಯಗಳು. ನಮ್ಮ ವೃತ್ತಿಯವರೆಲ್ಲ ಈ ಪ್ರಯೋಗದ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಒಬ್ಬ ನಟಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಅದನ್ನು ಹೇಳುವ ಸ್ವಾತಂತ್ರ್ಯ ಟೆಲಿವಿಷನ್ನಿಗೂ ಇರಲಿಲ್ಲ, ಪತ್ರಿಕೆಗಳಿಗೂ ಇರಲಿಲ್ಲ.

ಆಕೆಯ ಹೆಸರು ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಚಿತ್ರವನ್ನು ನೋಡಿದ್ದೀರಾ? ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆಗೆದ ಚಿತ್ರ. ಗಿರೀಶ್ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ. ಚಂದ್ರಿಯ ಪಾತ್ರದಲ್ಲಿ, ಹೆಚ್ಚು ಮಾತಿಲ್ಲದೆ ಇಡೀ ಚಿತ್ರವನ್ನು ತನ್ನತ್ತ ಎಳೆದುಕೊಳ್ಳುವಾಕೆಯೇ ಸ್ನೇಹಲತಾ, ನಿರ್ದೇಶಕರ ಪತ್ನಿ. ಮೊದಲು ಸೆನ್ಸಾರ್ ಮಂಡಳಿಯ ಆಕ್ಷೇಪಕ್ಕೆ ಸಿಕ್ಕಿಕೊಂಡ ಈ ಚಿತ್ರ ಕೊನೆಗೆ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಕುಟುಂಬದಲ್ಲಿ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಗಂಡಹೆಂಡತಿ ಇಬ್ಬರೂ ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಒಪ್ಪಿಕೊಂಡ ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರು.

ಈ ಸ್ನೇಹವೇ ಕಾರಣವಾಯಿತು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ಜಾರ್ಜ್ ಭೂಗತರಾದರು. ಡೈನಮೈಟ್ ಸಂಗ್ರಹಿಸಿ ಸರ್ಕಾರವನ್ನು ಉರುಳಿಸಲು ಸಂಚು ಮಾಡಿದರೆಂಬುದು ಅವರ ಮೇಲಿನ ಆರೋಪ. ಇತಿಹಾಸದಲ್ಲಿ ಇದು 'ಬರೋಡಾ ಡೈನಮೈಟ್ ಪ್ರಕರಣ'. ಅವರನ್ನು ಹುಡುಕುತ್ತ ಪೊಲೀಸರು 1976ರ ಮೇ 1ರಂದು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದರು. ಅವರಿಗೆ ಕೊಟ್ಟ ಹಿಂಸೆ ಎಂಥದೆಂದರೆ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗಳಿಗೇ ಪತ್ರ ಬರೆಯಬೇಕಾಯಿತು. ಮರುದಿನ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಜಾರ್ಜ್ ಸಿಕ್ಕಿದ್ದು ಜೂನ್ 10ರಂದು, ಕಲ್ಕತ್ತಾದಲ್ಲಿ. ಹುಡುಕುತ್ತಿದ್ದವರು ಸಿಕ್ಕಿದ ಮೇಲಾದರೂ ಸ್ನೇಹಲತಾರನ್ನು ಬಿಡಬೇಕಿತ್ತಲ್ಲವೇ? ಬಿಡಲಿಲ್ಲ. ಮುಂದೆ ಆರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, ಅಂದರೆ 'ಮೀಸಾ', ಇತ್ತಲ್ಲ. ಅದರಡಿ ಹಿಡಿದಿಡಲು ಆರೋಪವೇ ಬೇಕಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ದೇಶದಾದ್ಯಂತ ಸುಮಾರು 35 ಸಾವಿರ ಜನರನ್ನು ಹೀಗೆ ಹಿಡಿದಿಟ್ಟರು.

ಬೆಂಗಳೂರು ಕೇಂದ್ರ ಕಾರಾಗೃಹ ಆಗ ರಾಜಕೀಯ ಕೈದಿಗಳಿಂದ ತುಂಬಿತ್ತು. ಸಂಸತ್ತಿನ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದು 1975ರ ಜೂನ್ 26ರಂದು ಸೆರೆಯಾದ ಅಟಲ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ, ಎಸ್. ಎನ್. ಮಿಶ್ರಾ ಇದ್ದದ್ದು ಇಲ್ಲಿಯೇ. ಅವರು ಒಟ್ಟಾಗಿದ್ದರು, ಓದುತ್ತಿದ್ದರು, ಚರ್ಚೆ ಮಾಡುತ್ತಿದ್ದರು. ಸ್ನೇಹಲತಾ ಇದ್ದದ್ದು ಒಂಟಿ ಕೋಣೆಯಲ್ಲಿ. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮ್ಮ ಬ್ಯಾರಕ್ಕಿನವರೆಗೆ ಕೇಳುತ್ತಿತ್ತೆಂದು ದಂಡವತೆಯವರು ಮುಂದೆ ನೆನಪಿಸಿಕೊಂಡಿದ್ದಾರೆ. ಆಕೆಗೆ ಬಹಳ ವರ್ಷಗಳಿಂದ ಅಸ್ತಮಾ ಇತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಅಸ್ತಮಾ, ಉಬ್ಬಸ, ಗೂರಲು ಎಂದು ಹಗುರವಾಗಿ ಹೇಳಿಬಿಡುತ್ತೇವೆ. ಅದೇನೆಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಎಳನೀರು ಕುಡಿಯುವ ಒಂದು ಸ್ಟ್ರಾ ತೆಗೆದುಕೊಳ್ಳಿ. (ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಇದನ್ನು ಮಾಡಕೂಡದು, ಓದಿದರೆ ಸಾಕು.) ಎರಡು ಮಹಡಿ ಮೆಟ್ಟಿಲು ಹತ್ತಿ ಬಂದು, ಮೂಗು ಹಿಡಿದುಕೊಂಡು, ಅದರ ಮೂಲಕವೇ ಅರ್ಧ ನಿಮಿಷ ಉಸಿರಾಡಿ. ಹತ್ತು ಸೆಕೆಂಡಿಗೇ ಎದೆಯಲ್ಲಿ ಗಾಬರಿ ಶುರುವಾಗುತ್ತದೆ. ಅಸ್ತಮಾದಲ್ಲಿ ಶ್ವಾಸನಾಳಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಊದಿಕೊಳ್ಳುತ್ತದೆ, ಅಂಟು ಕಫ ತುಂಬುತ್ತದೆ. ಕೊಳವೆ ಕಿರಿದಾಗುತ್ತದೆ. ನೀವು ಓದುವ ಪ್ವಾಸೇ ಸೂತ್ರ ಇಲ್ಲಿ ಕೆಲಸ ಮಾಡುತ್ತದೆ. ಸರಾಗ ಹರಿವಿನಲ್ಲಿ ಕೊಳವೆಯ ತ್ರಿಜ್ಯ ಅರ್ಧವಾದರೆ ತಡೆ ಎರಡು ಪಟ್ಟಾಗುವುದಿಲ್ಲ, ನಾಲ್ಕೂ ಅಲ್ಲ, 16 ಪಟ್ಟಾಗುತ್ತದೆ! ಉಸಿರು ಬಿಡುವಾಗ ನಾಳ ಇನ್ನೂ ಕುಗ್ಗುವುದರಿಂದ ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಸಿಕ್ಕಿಕೊಳ್ಳುತ್ತದೆ. ರೋಗಿಗೆ ಗಾಳಿ ಸಾಲದೆನ್ನಿಸುತ್ತದೆ, ಆದರೆ ಎದೆಯಲ್ಲಿ ಹಳೆಯ ಗಾಳಿ ತುಂಬಿ ನಿಂತಿರುತ್ತದೆ. ಶೀತ, ತೇವ, ದೂಳು, ಹೊಗೆ, ಸೋಂಕು, ಭಯ ಇವೆಲ್ಲವೂ ಅದನ್ನು ಕೆರಳಿಸುತ್ತವೆ. ಅದು ಹೆಚ್ಚಾಗಿ ಉಲ್ಬಣಿಸುವುದು ನಡುರಾತ್ರಿ ಕಳೆದು ಬೆಳಗಾಗುವ ಮುಂಚೆ. ಸೆರೆಮನೆಯ ದಿನಚರಿ ನಿಮಗೆ ಗೊತ್ತಿರಬಹುದು: ಸಂಜೆ ಬೀಗ ಬಿದ್ದರೆ ತೆಗೆಯುವುದು ಬೆಳಿಗ್ಗೆ. ರೋಗದ ಗಡಿಯಾರ ಮತ್ತು ಜೈಲಿನ ಗಡಿಯಾರ ಇಷ್ಟು ಕೆಟ್ಟದಾಗಿ ಕೂಡಿಬರುವ ಕಾಯಿಲೆ ಇನ್ನೊಂದಿರಲಾರದು.

ಇದಕ್ಕೆ 1976ರಲ್ಲಿ ಔಷಧವಿರಲಿಲ್ಲವೆಂದು ತಿಳಿಯಬೇಡಿ. ಅಡ್ರಿನಲಿನ್, ಅಮಿನೋಫಿಲಿನ್ ಚುಚ್ಚುಮದ್ದುಗಳು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದವು. ಸ್ಟೀರಾಯ್ಡ್ ಇತ್ತು. ಸಾಲ್ಬ್ಯುಟಮಾಲ್ ಇನ್ಹೇಲರ್ ಪ್ರಪಂಚದಲ್ಲಿ ಬಳಕೆಗೆ ಬಂದು ಏಳು ವರ್ಷವಾಗಿತ್ತು. ಬೇಕಾಗಿದ್ದದ್ದು ಸಮಯಕ್ಕೆ ಸರಿಯಾಗಿ ವೈದ್ಯರು, ಬೆಚ್ಚನೆಯ ಒಣ ಜಾಗ, ತಪ್ಪದ ಚಿಕಿತ್ಸೆ.

ಸ್ನೇಹಲತಾ ಸೆರೆಯಲ್ಲಿ ಒಂದು ದಿನಚರಿ ಬರೆದರು. ಅವರ ಸಾವಿನ ನಂತರ 1977ರಲ್ಲಿ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅದನ್ನು ಪ್ರಕಟಿಸಿತು. ಸಿಕ್ಕರೆ ಓದಿ. ತನ್ನ ನೋವಿನ ಜೊತೆಗೆ, ಆ ಜೈಲಿನಲ್ಲಿದ್ದ ಬಡ ಹೆಂಗಸರ ಊಟ, ಅವಮಾನ, ಏಟುಗಳ ಬಗ್ಗೆಯೂ ಆಕೆಗೆ ಕಳವಳ. ಅವರ ಪರವಾಗಿ ಅಧಿಕಾರಿಗಳೊಡನೆ ಜಗಳವಾಡಿದವರು ಆಕೆ. ಕಾಯಿಲೆಯವಳು ಸುಮ್ಮನೆ ಮಲಗಿರಬಾರದಿತ್ತೇ ಎಂದು ಓದುವಾಗ ಅನ್ನಿಸುತ್ತದೆ. ಸುಮ್ಮನಿರುವವರಾಗಿದ್ದರೆ ಅಲ್ಲಿಗೆ ಬರುತ್ತಲೇ ಇರಲಿಲ್ಲ, ಬಿಡಿ.

ಈಗ ಮಳಖೇಡದ ಹುಡುಗಿಯ ಪ್ರಶ್ನೆಗೆ ಬರೋಣ. ಈ ಕೈದಿ ಯಾರನ್ನು ಕೇಳಬೇಕಿತ್ತು? ರಾಜರ ಕಾಲ ಮುಗಿದಿತ್ತು. ಸಂವಿಧಾನವಿತ್ತು, ಅದರಲ್ಲಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿಯಿತ್ತು. ವಿಧಾನಸೌಧದ ಎದುರಿಗೆ, ಅಠಾರಾ ಕಚೇರಿಯ ಕೆಂಪು ಕಟ್ಟಡದಲ್ಲಿ, ಹೈಕೋರ್ಟ್ ಇತ್ತು. ಕೈದಿಗಳ ಆರೋಗ್ಯ ವೈದ್ಯಾಧಿಕಾರಿಯ ಹೊಣೆಯೆಂದು ಬ್ರಿಟಿಷರ 1894ರ ಬಂದೀಖಾನೆ ಕಾಯ್ದೆಯ ಕಾಲದಿಂದ ಬರೆದಿಟ್ಟಿತ್ತು. ಇಷ್ಟೆಲ್ಲ ಇದ್ದೂ ಏನಾಯಿತು ನೋಡಿ.

1975ರ ಜೂನ್ 27ರಂದು ಹೊರಟ ರಾಷ್ಟ್ರಪತಿ ಆದೇಶವೊಂದು 14, 21 ಮತ್ತು 22ನೆಯ ವಿಧಿಗಳ ಹಕ್ಕುಗಳಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲವೆಂದು ಹೇಳಿತು. ಆದರೂ ವಾಜಪೇಯಿ, ಆಡ್ವಾಣಿ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 'ಈ ದೇಹವನ್ನು ನ್ಯಾಯಾಲಯದ ಮುಂದೆ ತಂದು, ಯಾಕೆ ಹಿಡಿದಿಟ್ಟಿದ್ದೀರೆಂದು ಹೇಳಿ' ಎಂದು ಕೇಳುವ ಹಳೆಯ ಅರ್ಜಿ ಅದು. ಅರ್ಜಿಯನ್ನು ಕೇಳಬಹುದು ಎಂದಿತು ನಮ್ಮ ಹೈಕೋರ್ಟ್. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಮತ್ತು ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ. 1976ರಲ್ಲಿ ಮೊದಲನೆಯವರಿಗೆ ಅಲಹಾಬಾದಿಗೆ, ಎರಡನೆಯವರಿಗೆ ಗುವಾಹಟಿಗೆ ವರ್ಗವಾಯಿತು. ಇವೆರಡನ್ನೂ ಜೋಡಿಸಿ ಓದುವುದು ನಿಮ್ಮ ಕೆಲಸ. ಅರ್ಜಿದಾರರ ಪರವಾಗಿ ದುಡಿಯುತ್ತಿದ್ದ ವಕೀಲ ಎಂ. ರಾಮಾ ಜೋಯಿಸರೂ ಅದೇ ಜೈಲಿನ ಕೈದಿಯಾದರು.

ಕರ್ನಾಟಕವೊಂದೇ ಅಲ್ಲ, ದೇಶದ ಒಂಬತ್ತು ಹೈಕೋರ್ಟ್‌ಗಳು ಹೀಗೆಯೇ ಹೇಳಿದ್ದವು. ಇವೆಲ್ಲದರ ಮೇಲಿನ ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಟ್ಟಿಗೆ ಕೇಳಿದರು. ಅದೇ ಎ.ಡಿ.ಎಂ. ಜಬಲ್‌ಪುರ ಪ್ರಕರಣ. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಸರ್ಕಾರದ ವಕೀಲರನ್ನು ಒಂದು ಮಾತು ಕೇಳಿದರು. ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಅಟಾರ್ನಿ ಜನರಲ್ ನಿರೇನ್ ಡೇ ಅವರ ಉತ್ತರದ ಸಾರ. 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು, ಖನ್ನಾ ಒಬ್ಬರೇ ಭಿನ್ನರಾದರು. ಬಹುಮತದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಎಂ. ಎಚ್. ಬೇಗ್ ಅವರು, ಬಂಧಿತರಿಗೆ ಒಳ್ಳೆಯ ವಸತಿ, ಊಟ, ಉಪಚಾರ ಸಿಗುತ್ತಿದೆಯೆಂದೂ, ಸರ್ಕಾರದ ಆರೈಕೆ ಹೆಚ್ಚುಕಡಿಮೆ ತಾಯಿಯ ಆರೈಕೆಯಂತಿದೆಯೆಂದೂ ಬರೆದರು.

ತಾರೀಕನ್ನು ಇನ್ನೊಮ್ಮೆ ನೋಡಿ. ಏಪ್ರಿಲ್ 28. ಸ್ನೇಹಲತಾ ಬಂಧನ ಮೇ 2. ನಾಲ್ಕು ದಿನ ಮೊದಲು ನ್ಯಾಯಾಲಯದ ಬಾಗಿಲಿಗೆ ಒಳಗಿನಿಂದಲೇ ಚಿಲಕ ಬಿದ್ದಿತ್ತು.

ಇದರಲ್ಲಿ ಒಂದು ವಿಚಿತ್ರ ತರ್ಕವಿದೆ, ಬಹಳ ಜನ ಗಮನಿಸುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 437ನೆಯ ಕಲಮು, ಮರಣದಂಡನೆಯಂಥ ಶಿಕ್ಷೆಗೆ ಗುರಿಯಾಗುವ ಅಪರಾಧದ ಆರೋಪಿಯಾದರೂ, ಆತ ಹದಿನಾರಕ್ಕಿಂತ ಕಿರಿಯನಾಗಿದ್ದರೆ, ಮಹಿಳೆಯಾಗಿದ್ದರೆ, ಅಥವಾ ಕಾಯಿಲೆಯವನೋ ಅಶಕ್ತನೋ ಆಗಿದ್ದರೆ ಮ್ಯಾಜಿಸ್ಟ್ರೇಟರು ಜಾಮೀನು ಕೊಡಬಹುದೆಂದು ಹೇಳುತ್ತಿತ್ತು. ಸ್ನೇಹಲತಾ ಮಹಿಳೆಯೂ ಹೌದು, ಕಾಯಿಲೆಯವರೂ ಹೌದು. ಅವರ ಮೇಲೆ ಆರೋಪಪಟ್ಟಿ ಹಾಕಿದ್ದರೆ ಈ ಕಲಮಿನಡಿ ಅರ್ಜಿ ಬರೆಯಬಹುದಿತ್ತು. ವೈದ್ಯರ ವರದಿ ತರಿಸಬಹುದಿತ್ತು. ವಾದ ನಡೆಯಬಹುದಿತ್ತು. ಆರೋಪವೇ ಇಲ್ಲದ್ದರಿಂದ ಜಾಮೀನೂ ಇಲ್ಲ! ಬಾಂಬಿಟ್ಟ ಆರೋಪಿಗಿದ್ದ ಬಾಗಿಲು ಆರೋಪವಿಲ್ಲದವಳಿಗೆ ಇರಲಿಲ್ಲ. ಮುನ್ನೆಚ್ಚರಿಕೆಯ ಬಂಧನ ಎಂಬ ಪದವನ್ನು ಪೌರನೀತಿಯ ಪುಸ್ತಕದಲ್ಲಿ ಓದುವಾಗ ಇದನ್ನು ಪಕ್ಕದಲ್ಲಿ ಬರೆದುಕೊಳ್ಳಿ.

ಉಳಿದದ್ದು ಒಂದೇ ದಾರಿ: ಬಂಧಿಸಿದ ಸರ್ಕಾರವನ್ನೇ ಬೇಡುವುದು. ಮೀಸಾ ಕಾಯ್ದೆಯಲ್ಲಿ ಸರ್ಕಾರ ಇಷ್ಟಪಟ್ಟರೆ ತಾತ್ಕಾಲಿಕವಾಗಿ ಬಿಡಲು ಅವಕಾಶವಿತ್ತು. ಇಷ್ಟಪಟ್ಟರೆ. ರಾಷ್ಟ್ರಕೂಟರ ಗೋವಿಂದನಿಗೂ ಇಷ್ಟೇ ಇತ್ತು.

ಸರ್ಕಾರ ಇಷ್ಟಪಟ್ಟದ್ದು 1977ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ. ಎಂಟು ತಿಂಗಳಿಗೂ ಹೆಚ್ಚು ಕಾಲದ ಸೆರೆಯ ಬಳಿಕ, ಸ್ಥಿತಿ ತೀರ ಹದಗೆಟ್ಟ ಮೇಲೆ, ಪೆರೋಲ್ ಮೇಲೆ ಮನೆಗೆ ಕಳಿಸಿದರು. ಜನವರಿ 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಲೋಕಸಭೆಗೆ ಚುನಾವಣೆ ನಡೆಸುವುದಾಗಿ ಘೋಷಿಸಿದರು. ಜೈಲುಗಳ ಬಾಗಿಲು ತೆರೆಯತೊಡಗಿತು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಉಬ್ಬಸದ ಜೊತೆಗೆ ಶ್ವಾಸಕೋಶದ ಸೋಂಕು. ವಯಸ್ಸು 45 ತುಂಬಿರಲಿಲ್ಲ.

ಇನ್ನೈದು ದಿನ ಕಳೆದು, ಜನವರಿ 25ರಂದು, ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು: ಭಾನುದಾಸ್ ಕೃಷ್ಣ ಗಾವಡೆ ಪ್ರಕರಣ. ಬಿಡುಗಡೆ ಕೇಳುವಂತಿಲ್ಲ ಸರಿ, ಒಳಗಿನ ಸ್ಥಿತಿಗತಿಗಳನ್ನಾದರೂ ಸರಿಪಡಿಸಿ ಎಂದು ಬಂಧಿತರು ಕೇಳಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಅದನ್ನೂ ಕೇಳುವಂತಿಲ್ಲ ಎಂಬುದು ಉತ್ತರ. ಹೈಕೋರ್ಟ್‌ಗಳು ಕೊಟ್ಟಿದ್ದ ಸಣ್ಣಪುಟ್ಟ ನಿರ್ದೇಶನಗಳೂ ರದ್ದಾದವು. ಹಾಗಾಗಿ 'ಸ್ನೇಹಲತಾ ಆರೋಗ್ಯದ ಬಗ್ಗೆಯಷ್ಟೇ ಅರ್ಜಿ ಹಾಕಬಹುದಿತ್ತಲ್ಲ' ಎಂದು ಯಾರಾದರೂ ಕೇಳಿದರೆ, ಆ ವಿಳಾಸವೂ ಕೊನೆಗೆ ಉಳಿಯಲಿಲ್ಲವೆಂದು ನೀವು ಹೇಳಬಹುದು. ಅದೇ ತಿಂಗಳ ಕೊನೆಗೆ ಹಿರಿತನದಲ್ಲಿ ಮುಂದಿದ್ದ ಖನ್ನಾ ಅವರನ್ನು ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೋದರು.

ನಂತರದ ಕಥೆ ಪಠ್ಯಪುಸ್ತಕಗಳಲ್ಲಿದೆ, ಬೇಗ ಹೇಳಿ ಮುಗಿಸುತ್ತೇನೆ. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಕೊನೆಗೊಂಡಿತು. ಜನತಾ ಸರ್ಕಾರ ಬಂತು, ಡೈನಮೈಟ್ ಪ್ರಕರಣವನ್ನು ಹಿಂತೆಗೆದುಕೊಂಡಿತು, 1978ರಲ್ಲಿ ಮೀಸಾ ರದ್ದಾಯಿತು. ಅದೇ ವರ್ಷದ 44ನೆಯ ತಿದ್ದುಪಡಿಯಿಂದ, ಎಂಥ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೆಯ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲವೆಂದಾಯಿತು. ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗಾದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಹಕ್ಕುಗಳು ಜೈಲಿನ ಗೇಟಿನ ಹೊರಗೇ ಉಳಿದುಬಿಡುವುದಿಲ್ಲವೆಂಬುದು ಅಲ್ಲಿಂದ ಗಟ್ಟಿಯಾಯಿತು. 437ನೆಯ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೆಯ ಕಲಮು ಬಂದಿದೆ, ಮಹಿಳೆಯರು, ಮಕ್ಕಳು ಮತ್ತು ಕಾಯಿಲೆಯವರ ವಿಷಯ ಅದರಲ್ಲೂ ಇದೆ.

ಎ.ಡಿ.ಎಂ. ಜಬಲ್‌ಪುರ ತೀರ್ಪು ಮಾತ್ರ 41 ವರ್ಷ ಕಾನೂನು ಪುಸ್ತಕದಲ್ಲಿ ಹಾಗೆಯೇ ಕುಳಿತಿತ್ತು. ಅದನ್ನು ಅಧಿಕೃತವಾಗಿ ಕಿತ್ತುಹಾಕಿದ ಪ್ರಕರಣಕ್ಕೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ದಶಕದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಹೇಳುವ ದಾರಿಯಲ್ಲಿ, ಜಬಲ್‌ಪುರ ತೀರ್ಪು ತಪ್ಪೆಂದು ತಳ್ಳಿಹಾಕಿತು. ಮುಖ್ಯ ಅಭಿಪ್ರಾಯ ಬರೆದವರು ಡಿ. ವೈ. ಚಂದ್ರಚೂಡ್. 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡ್ ಅವರ ಮಗ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು.

ಅಲ್ಲಿಗೆ ಎಲ್ಲವೂ ಸರಿಹೋಯಿತೇ? ನೀವು ಕೇಳಿಯೇ ಕೇಳುತ್ತೀರಿ. ಒಂದು ಇತ್ತೀಚಿನ ಪ್ರಕರಣ ಹೇಳುತ್ತೇನೆ, ಅದಕ್ಕೂ ಬೆಂಗಳೂರಿಗೂ ನಂಟಿದೆ. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಮುಂದೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಮಾವೋವಾದಿಗಳ ನಂಟಿನ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ದಳ ಅವರನ್ನು 2020ರ ಅಕ್ಟೋಬರ್ 8ರಂದು ಬಂಧಿಸಿತು. ಆರೋಪವನ್ನು ಅವರು ಅಲ್ಲಗಳೆದರು. ವಯಸ್ಸು 83, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದರಿಂದ ಲೋಟ ಹಿಡಿಯಲಾಗದು. ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ಅವರು ನವೆಂಬರ್ 6ರಂದು ಮುಂಬಯಿಯ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರಿಸಲು ತನಿಖಾ ದಳಕ್ಕೆ 20 ದಿನ ಸಿಕ್ಕಿತು. 26ರಂದು, ಅವು ನಮ್ಮ ಬಳಿ ಇಲ್ಲ ಎಂಬ ಉತ್ತರ ಬಂತು. ಮೊದಲು ಹೇಳಿದ ಪ್ರಯೋಗದ ಸ್ಟ್ರಾ ನಿಮ್ಮ ಕೈಯಲ್ಲಿದ್ದರೆ ಒಮ್ಮೆ ನೋಡಿಕೊಳ್ಳಿ.

ಅನಾರೋಗ್ಯದ ಕಾರಣಕ್ಕೆ ಕೇಳಿದ ಮಧ್ಯಂತರ ಜಾಮೀನು ಅಕ್ಟೋಬರಿನಲ್ಲೇ ತಿರಸ್ಕೃತವಾಗಿತ್ತು, 2021ರ ಮಾರ್ಚ್ 22ರಂದು ಜಾಮೀನು ಅರ್ಜಿಯೂ ತಿರಸ್ಕೃತವಾಯಿತು. ಮೇ 28ರಂದು ಬಾಂಬೆ ಹೈಕೋರ್ಟ್ ಅವರನ್ನು ತಳೋಜಾ ಜೈಲಿನಿಂದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸಾಗಿಸಲು ಆದೇಶಿಸಿತು. ಅಲ್ಲಿ ಕೋವಿಡ್ ಇರುವುದು ಗೊತ್ತಾಯಿತು. ಜುಲೈ 5ರಂದು ಜಾಮೀನಿನ ವಿಚಾರಣೆಗೆಂದು ಪೀಠ ಕುಳಿತಾಗ, ಅವರು ಆ ಮಧ್ಯಾಹ್ನ ತೀರಿಕೊಂಡರೆಂದು ವೈದ್ಯರು ನ್ಯಾಯಮೂರ್ತಿಗಳಿಗೆ ತಿಳಿಸಿದರು. ವಿಚಾರಣೆ ಆರಂಭವೇ ಆಗಿರಲಿಲ್ಲ. ಆದ್ದರಿಂದ ಅವರು ಅಪರಾಧಿಯೆಂದಾಗಲಿ ನಿರಪರಾಧಿಯೆಂದಾಗಲಿ ಯಾವ ನ್ಯಾಯಾಲಯವೂ ಹೇಳಲಿಲ್ಲ.

ಎರಡು ಪ್ರಕರಣಗಳನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. 1976ರಲ್ಲಿ ಬಾಗಿಲೇ ಇರಲಿಲ್ಲ. 2020ರಲ್ಲಿ ಬಾಗಿಲಿತ್ತು, ಅರ್ಜಿ ಒಳಗೆ ಹೋಯಿತು, ವಾದ ನಡೆಯಿತು, ಆಸ್ಪತ್ರೆಯೂ ಸಿಕ್ಕಿತು. ಆದರೆ ಕಾಯಿಲೆಗೆ ಮುಂದಿನ ತಾರೀಕು ಕೊಡಲು ಬರುವುದಿಲ್ಲ. ಅರ್ಜಿಗಳಿಗೆ ಬರುತ್ತದೆ.

ಬೆಂಗಳೂರಿಗೆ ಬಂದಾಗ ಆ ಹಳೆಯ ಜೈಲನ್ನು ನೀವು ನೋಡಬಹುದು. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಅದನ್ನು 2008ರಲ್ಲಿ ಫ್ರೀಡಂ ಪಾರ್ಕ್ ಎಂದು ತೆರೆದರು. ಕಾವಲು ಗೋಪುರ, ಕೆಲವು ಬ್ಯಾರಕ್ಕುಗಳು, ಒಂಟಿ ಕೋಣೆಗಳು ಉಳಿದಿವೆ. ಬೆಳಿಗ್ಗೆ ಹೊತ್ತು ವಯಸ್ಸಾದವರು ಅಲ್ಲಿ ವಾಯುಸೇವನೆಗೆ ಬರುತ್ತಾರೆ. ನಗರದಲ್ಲಿ ಧರಣಿ ಕೂರುವವರಿಗೆ ಗೊತ್ತುಮಾಡಿದ ಜಾಗವೂ ಅದೇ. ಮಳಖೇಡದ ಕಾರ್ಯಕ್ರಮದ ಸಂಕಲನ ನಡೆಯುತ್ತಿದ್ದಾಗ ಒಂದು ಸಂಜೆ ನಾನು ಅಲ್ಲಿಗೆ ಹೋಗಿ ಒಂದು ಕೋಣೆಯೊಳಗೆ ನಿಂತೆ. ಹೊರಗೆ ಅಂಗನವಾಡಿ ಕಾರ್ಯಕರ್ತೆಯರ ಧರಣಿಯಿತ್ತು, ಕಲಬುರಗಿ ಕಡೆಯ ಮಾತೂ ಕೇಳುತ್ತಿತ್ತು. ಬಾಗಿಲಿನಿಂದ ಎದುರು ಗೋಡೆಗೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂಗು ಗೋಡೆಗೆ ತಾಗಿತು. ಮಳೆ ಬಂದು ನಿಂತಿತ್ತು, ಗೋಡೆ ಇನ್ನೂ ತೇವವಾಗಿತ್ತು.